ಗ್ರೇಡ್ ಎ, ಐಎಸ್‌ಒ 5, ಕ್ಲಾಸ್ 100: ಇವೆಲ್ಲ ಒಂದೇನಾ, ಬೇರೆ ಬೇರೆನಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಇಂಜೆಕ್ಷನ್ ಕಾರ್ಖಾನೆಯಲ್ಲಿ ಎರಡು ವರ್ಷ ಇದ್ದೆ, ಅಲ್ಲಿ ಗ್ರೇಡ್ ಎ, ಗ್ರೇಡ್ ಬಿ ಅನ್ನುತ್ತಿದ್ದೆವು. ಈಗ ಅಮೆರಿಕದ ಆಸ್ಪತ್ರೆಯ ಐವಿ ರೂಮಿನಲ್ಲಿ, ಅಂದರೆ ರಕ್ತನಾಳಕ್ಕೆ ಕೊಡುವ ಔಷಧಿ ತಯಾರಿಸುವ ಕೋಣೆಯಲ್ಲಿ, ತರಬೇತಿ. ಇಲ್ಲಿ ಐಎಸ್‌ಒ 5, ಪಿಇಸಿ, ಬಫರ್ ರೂಮ್, ಎಸ್‌ಸಿಎ ಅನ್ನುತ್ತಾರೆ. ಇದನ್ನೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ?

ನಾನೂ ಇದೇ ದಾರಿಯಲ್ಲಿ ಬಂದವಳು. ಗ್ರೇಡ್, ಐಎಸ್‌ಒ, ಕ್ಲಾಸ್ ಇವೆಲ್ಲ ಗಾಳಿ ಎಷ್ಟು ಶುದ್ಧ ಅಂತ ಹೇಳುವ ಅಳತೆಗಳು. ಉಳಿದವನ್ನು ಮುಂದೆ ಒಂದೊಂದಾಗಿ ಹೇಳುತ್ತೇನೆ. ಬಾಯಿಪಾಠ ಮಾಡಬೇಡಿ. ಯಾವ ಪದ ಎದುರಾದರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಗಾಳಿ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ?

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಪದ 'ಫಸ್ಟ್ ಏರ್'. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನಿಂದ ಹೊರಬಂದು ಇನ್ನೂ ಯಾವುದನ್ನೂ ಮುಟ್ಟದ ಗಾಳಿ ಅದು. ಒರತೆಯಲ್ಲಿ ಆಗ ತಾನೇ ಉಕ್ಕಿದ ನೀರಿದ್ದ ಹಾಗೆ. ಸೂಜಿಯ ತುದಿ, ವಯಲ್‌ನ (ಔಷಧಿಯ ಪುಟ್ಟ ಬಾಟಲಿಯ) ರಬ್ಬರ್, ಐವಿ ಬ್ಯಾಗಿನ ಪೋರ್ಟ್, ಈ ಮೂರಕ್ಕೂ ಈ ಗಾಳಿ ನೇರವಾಗಿ ತಾಗಬೇಕು. ನಡುವೆ ನಿಮ್ಮ ಕೈ ಬಂದರೆ ಅದು ಫಸ್ಟ್ ಏರ್ ಅಲ್ಲ, ನಿಮ್ಮ ಗ್ಲೌಸ್ ಮುಟ್ಟಿ ಬಂದ ಗಾಳಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹುಡ್ ಅಂದರೆ ಶುದ್ಧ ಗಾಳಿ ಬೀಸುತ್ತಿರುವ, ನಾವು ಔಷಧಿ ತಯಾರಿಸುವ ಪೆಟ್ಟಿಗೆಯಂಥ ಮೇಜು. ಗಾಳಿ ಹಿಂದಿನಿಂದ ನಮ್ಮ ಕಡೆಗೆ ಬೀಸುವ ಹುಡ್‌ನಲ್ಲಿ ನಾನು ವಯಲ್ ಹಿಡಿಯುವಾಗ ಎಡಗೈ ಬೆರಳುಗಳು ಅದರ ಹಿಂದಕ್ಕೆ ಹೋಗುತ್ತಿದ್ದವು. ತರಬೇತಿ ಕೊಡುತ್ತಿದ್ದ ಹಿರಿಯರೊಬ್ಬರು ಬೈಯಲಿಲ್ಲ. ಹೊಗೆ ಬಿಟ್ಟು ಗಾಳಿಯ ದಾರಿ ನೋಡುವ ಸ್ಮೋಕ್ ಟೆಸ್ಟ್ ದಿನ ನನ್ನ ಕೈ ಅಲ್ಲೇ ಇಡಿಸಿ ಹೊಗೆ ಬಿಟ್ಟರು. ನೇರವಾಗಿ ಬರುತ್ತಿದ್ದ ಹೊಗೆ ನನ್ನ ಬೆರಳುಗಳ ಸುತ್ತ ಸುಳಿಯಾಗಿ, ವಯಲ್‌ನ ಬಾಯಿ ಹತ್ತಿರ ತಿರುಗುತ್ತಾ ನಿಂತಿತು. ಅವತ್ತು ನನಗೆ ನಿಜವಾಗಿಯೂ ಭಯವಾಯಿತು. ಆ ಬ್ಯಾಗ್ ಹೋಗುವುದು ಕಾಯಿಲೆಯವರ ರಕ್ತನಾಳಕ್ಕೆ ಅಲ್ವಾ? ಗಾಳಿ ಮೇಲಿನಿಂದ ಇಳಿಯುವ ಹುಡ್ ಆದರೆ ಅದೇ ಕೈಯನ್ನು ವಯಲ್‌ನ ಮೇಲೆ ತರಬಾರದು. ಹುಡ್ ಬದಲಾದರೆ ಕೈ ಹಿಡಿಯುವ ರೀತಿಯೂ ಬದಲಾಗಬೇಕು.

ಈ ಹುಡ್‌ಗೇ ಇಲ್ಲಿನ ಸ್ಟೆರೈಲ್ ಔಷಧಿ ತಯಾರಿಕೆಯ ನಿಯಮ, ಅಂದರೆ ಯುಎಸ್‌ಪಿ 797, ಪಿಇಸಿ (ಪ್ರೈಮರಿ ಎಂಜಿನಿಯರಿಂಗ್ ಕಂಟ್ರೋಲ್) ಅನ್ನುತ್ತದೆ. ಅದರೊಳಗಿನ ಗಾಳಿ ಐಎಸ್‌ಒ 5. ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,520ಕ್ಕಿಂತ ಜಾಸ್ತಿ ಇರಬಾರದು. ಒಂದೊಂದು ಮೆಟ್ಟಿಲು ಇಳಿದಂತೆ ಹತ್ತು ಪಟ್ಟು: ಎರಡು ಮೆಟ್ಟಿಲು ಇಳಿದ ಐಎಸ್‌ಒ 7ಕ್ಕೆ 3,52,000, ಐಎಸ್‌ಒ 8ಕ್ಕೆ 35,20,000. ಹಳಬರು ಈಗಲೂ 'ಕ್ಲಾಸ್ 100' ಅನ್ನುತ್ತಾರೆ. ಅದೂ ಇದೇ ಐಎಸ್‌ಒ 5. ಒಂದು ಘನ ಅಡಿಗೆ 100 ಕಣ ಅಂತ ಎಣಿಸುತ್ತಿದ್ದ ಅಮೆರಿಕದ ಹಳೆಯ ಲೆಕ್ಕ ಅದು, 2001ರಲ್ಲೇ ರದ್ದಾಗಿದೆ.

ನಿಮ್ಮ ಗ್ರೇಡ್‌ಗಳ ವಿಷಯದಲ್ಲಿ ಸ್ವಲ್ಪ ಹುಷಾರು. ಯುರೋಪಿನ ಹಾಗೆ ನಮ್ಮ ಭಾರತದ ಔಷಧಿ ತಯಾರಿಕೆಯ ನಿಯಮವಾದ ಶೆಡ್ಯೂಲ್ ಎಂ ಕೂಡ ಎ, ಬಿ, ಸಿ, ಡಿ ಅನ್ನುತ್ತದೆ. ಕಣಗಳ ಲೆಕ್ಕದಲ್ಲಿ ಗ್ರೇಡ್ ಎ ಅಂದರೆ ಐಎಸ್‌ಒ 5, ಸರಿ. ಆದರೆ 'ಗ್ರೇಡ್ ಬಿ ಅಂದರೆ ಐಎಸ್‌ಒ 7' ಅಂತ ಸುಮ್ನೆ ಬರೆದುಕೊಳ್ಳಬೇಡಿ. ಕೆಲಸ ನಡೆಯುವಾಗ ಅದು ಐಎಸ್‌ಒ 7ರ ಮಿತಿ, ಯಾರೂ ಇಲ್ಲದೆ ಖಾಲಿ ಇದ್ದಾಗ ಐಎಸ್‌ಒ 5ರ ಮಿತಿ. ಒಂದೇ ಕೋಣೆಗೆ ಎರಡು ಲೆಕ್ಕ. ಇಲ್ಲಿನ ಬಫರ್ ರೂಮಿಗೆ ಐಎಸ್‌ಒ 7 ಸಾಕು, ಅದನ್ನೂ ಕೆಲಸ ನಡೆಯುತ್ತಿರುವಾಗಲೇ ಅಳೆಯುತ್ತಾರೆ.

ಬಫರ್ ರೂಮ್ ಅಂದರೆ ಹುಡ್ ಇರುವ ಕೋಣೆ. ಅದರ ಹೊರಗೆ ಆಂಟಿರೂಮ್, ಕೈ ತೊಳೆದು ಗೌನ್ ಹಾಕುವ ಜಾಗ. ಬಫರ್ ರೂಮಿನಲ್ಲಿ ಗಾಳಿಯ ಒತ್ತಡ ಆಂಟಿರೂಮಿಗಿಂತ ಜಾಸ್ತಿ ಇರುತ್ತದೆ, ಕನಿಷ್ಠ 0.02 ಇಂಚು ನೀರಿನಷ್ಟು. ಬಾಗಿಲು ತೆರೆದರೆ ಗಾಳಿ ಹೊರಗೆ ಹೋಗಬೇಕು, ಒಳಗೆ ಬರಬಾರದು. ಆಗ ಆಂಟಿರೂಮಿಗೆ ಐಎಸ್‌ಒ 8 ಸಾಕು.

ಕ್ಯಾನ್ಸರ್ ಔಷಧಿ ತಯಾರಿಸುವ ಕೋಣೆ ಇದಕ್ಕೆ ತದ್ವಿರುದ್ಧ. ಔಷಧಿಯ ಹನಿ, ಪುಡಿ ಹೊರಗಿನವರಿಗೆ ತಾಗಬಾರದು ಅಂತ ಅಲ್ಲಿ ಒತ್ತಡ ಕಡಿಮೆ ಇಡುತ್ತಾರೆ. ಅಂದರೆ ಆ ಕೋಣೆ ಆಂಟಿರೂಮಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಅಲ್ಲಿ ಆಂಟಿರೂಮ್ ಕೂಡ ಐಎಸ್‌ಒ 7 ಆಗಲೇಬೇಕು. ನಾನು ಈ ನಿಯಮವನ್ನು ಎಷ್ಟೋ ಸಲ ಓದಿ ಮರೆತಿದ್ದೆ. ಗಾಳಿಯ ದಾರಿ ಅರ್ಥವಾದ ಮೇಲೆ ಮರೆಯಲಿಲ್ಲ.

ಎಸ್‌ಸಿಎ (ಸೆಗ್ರಿಗೇಟೆಡ್ ಕಾಂಪೌಂಡಿಂಗ್ ಏರಿಯಾ) ಅಂದರೆ ಹುಡ್ ಇದೆ, ಆದರೆ ಸುತ್ತಲಿನ ಜಾಗದ ಗಾಳಿಗೆ ಯಾವ ವರ್ಗವೂ ಇಲ್ಲ. ಹುಡ್ ಒಳಗೆ ಅದೇ ಐಎಸ್‌ಒ 5. ಆದರೂ ಅಲ್ಲಿ ತಯಾರಿಸಿದ ಬ್ಯಾಗನ್ನು ಹೊರಗಿಟ್ಟರೆ 12 ಗಂಟೆ, ಫ್ರಿಜ್‌ನಲ್ಲಿಟ್ಟರೆ 24 ಗಂಟೆ ಮಾತ್ರ ಬಳಸಬಹುದು. ಈ ಗಡುವಿಗೆ ಬಿಯುಡಿ (ಬಿಯಾಂಡ್-ಯೂಸ್ ಡೇಟ್) ಅನ್ನುತ್ತಾರೆ. ಅದನ್ನು 'ಎಕ್ಸ್‌ಪೈರಿ' ಅನ್ನಬೇಡಿ. ಎಕ್ಸ್‌ಪೈರಿ ಕಾರ್ಖಾನೆಯವರು ಹಾಕಿದ ದಿನಾಂಕ. ಬಿಯುಡಿ ನೀವು ತಯಾರಿಸಲು ಶುರು ಮಾಡಿದಾಗಿನಿಂದ ಎಣಿಸುವ ಲೆಕ್ಕ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತಲೂ ಕೇಳಿದ್ದೀರಿ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದ ಒಂದು ಕಾಂಪೌಂಡಿಂಗ್ ಫಾರ್ಮಸಿಯ (ಔಷಧಿಗಳನ್ನು ತಾನೇ ಬೆರೆಸಿ ತಯಾರಿಸುವ ಫಾರ್ಮಸಿ) ಸ್ಟಿರಾಯ್ಡ್ ಇಂಜೆಕ್ಷನ್‌ನಲ್ಲಿ ಬೂಷ್ಟು ಸೇರಿತ್ತು. ಬೆನ್ನುನೋವಿಗೆ ಅಂತ ಚುಚ್ಚಿಸಿಕೊಂಡವರಿಗೆ ಮೆದುಳುಪೊರೆಯ ಸೋಂಕು ತಗುಲಿತು. 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. ಆ ಫಾರ್ಮಸಿಯಲ್ಲೂ ಕ್ಲೀನ್‌ರೂಮ್ ಇತ್ತು.

ಕೊನೆಯ ಪ್ರಶ್ನೆ, ವಯಲ್‌ನ ರಬ್ಬರ್ ಮೇಲೆ ಆಲ್ಕೋಹಾಲ್ ಒರೆಸಿದ ತಕ್ಷಣ ಚುಚ್ಚಬಹುದಾ ಅಂತ. ಬೇಡ. ಸ್ಟೆರೈಲ್ 70% ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ತಾನಾಗಿಯೇ ಒಣಗುವವರೆಗೆ ಕಾಯಿರಿ. ಊದಬೇಡಿ, ಕೈ ಬೀಸಿ ಒಣಗಿಸಬೇಡಿ. ಸಾಲಿನಲ್ಲಿ ಹತ್ತು ಬ್ಯಾಗ್ ಕಾದಿದ್ದರೂ ಅಷ್ಟೆ.