ಪೆನ್‌ಸ್ಟಾಕ್ ಖಾಲಿ ಮಾಡುವ ಮುನ್ನ

ಪ್ರಶ್ನೆ: ಮಲೆನಾಡಿನ ಒಂದು ಸಣ್ಣ ಜಲವಿದ್ಯುತ್ ಕೇಂದ್ರದಾಗ ಫಿಟರ್ ಇದ್ದೀನ್ರಿ. ನಮ್ಮ ಪೆನ್‌ಸ್ಟಾಕ್‌ಗೆ, ಅಂದ್ರ ಟರ್ಬೈನಿಗೆ ನೀರು ತರೋ ಉಕ್ಕಿನ ಪೈಪಿಗೆ, 30 ವರ್ಷ. ವ್ಯಾಸ 1500 ಮಿ.ಮೀ., ಹೆಡ್ (ನೀರು ಬೀಳೋ ಎತ್ತರ) 120 ಮೀಟರ್. ಸುತ್ತ ಬಿಗಿ ರಿಂಗ್ ಇಲ್ಲ. ಹಾಕುವಾಗ ಪ್ಲೇಟು 12 ಮಿ.ಮೀ., ಈಗ ಅಳೆದರೆ 9 ಬರ್ತದ. ಎಲ್ಲೂ ಸೋರಂಗಿಲ್ಲ. ಬೇಸಿಗಿಯಾಗ ಖಾಲಿ ಮಾಡಿ ಒಳಗ ನೋಡಬೇಕಂತ ಅದೀವಿ. ಭಯ ಏನರ ಅದ ಏನ್ರಿ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಸೋರುತ್ತಿಲ್ಲ ಎಂದು ಸಮಾಧಾನಪಡಬೇಡಿ. ಮೊದಲು ತುಂಬಿದ ಪೈಪಿನ ಲೆಕ್ಕ ನೋಡೋಣ. 120 ಮೀಟರ್ ನೀರೆಂದರೆ ಚದರ ಸೆಂ.ಮೀ.ಗೆ 12 ಕೆ.ಜಿ. ಒತ್ತಡ. ಟರ್ಬೈನ್ ಟ್ರಿಪ್ ಆದಾಗ (ತಟ್ಟನೆ ನಿಂತಾಗ) ಹರಿವು ತಡೆದು ಏರುವ ಒತ್ತಡಕ್ಕೆ, ಅಂದರೆ ನೀರಿನ ಹೊಡೆತಕ್ಕೆ, ಶೇ 30 ಸೇರಿಸಿದರೆ 15.6. ಇದನ್ನು ವ್ಯಾಸದಿಂದ, ಅಂದರೆ 150 ಸೆಂ.ಮೀ.ಯಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ, ಅಂದರೆ 1.8 ಸೆಂ.ಮೀ.ಯಿಂದ ಭಾಗಿಸಿದರೆ ಪ್ಲೇಟಿನ ಮೇಲಿನ ಎಳೆತ ಚದರ ಸೆಂ.ಮೀ.ಗೆ 1300 ಕೆ.ಜಿ. ಹಳೆ ಬೆಸುಗೆಯ ಬಲ ಶೇ 85 ಎಂದು ಹಿಡಿದರೆ 1530. ಸಾಮಾನ್ಯ ಮೈಲ್ಡ್ ಸ್ಟೀಲು 2500ರ ಸುಮಾರಿಗೆ ಹಿಗ್ಗಿ ಮರಳದ ಹಂತ ಮುಟ್ಟುತ್ತದೆ. ಅದರ ಶೇ 60, ಅಂದರೆ 1500, ನಮ್ಮ ಮಿತಿ. ನಿಮ್ಮದು ಆಗಲೇ ಅದನ್ನು ದಾಟಿದೆ. ಟ್ರಿಪ್ ಆದಾಗ ಒತ್ತಡ ನಿಜಕ್ಕೂ ಎಷ್ಟೇರುತ್ತದೆ ಎಂದು ಗೇಜ್ ಹಾಕಿ ಅಳೆಯಿಸಿ. ಶೇ 30ಕ್ಕಿಂತ ಹೆಚ್ಚಿದ್ದರೆ ಗವರ್ನರ್ (ಟರ್ಬೈನಿನ ವೇಗ ನಿಯಂತ್ರಕ) ನೀರು ಮುಚ್ಚುವ ಸಮಯ ಹೆಚ್ಚಿಸಬೇಕು.

ಆದರೆ ನಮಗೆ ಹೆಚ್ಚು ಆತಂಕ ತಂದದ್ದು ಪೈಪು ಖಾಲಿ ಮಾಡುವ ನಿಮ್ಮ ಮಾತು. ನೀರು ಇಳಿದಂತೆ ಗಾಳಿ ಒಳಬರದಿದ್ದರೆ ಒಳಗೆ ನಿರ್ವಾತವಾಗುತ್ತದೆ. ಒಳಗೆ ನಿರ್ವಾತವಾದಾಗ ಪೈಪು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 12 ಮಿ.ಮೀ. ಇದ್ದಾಗ ನಿಮ್ಮ ಪೈಪು ಹೊರಗಿನಿಂದ ಚದರ ಸೆಂ.ಮೀ.ಗೆ ಸುಮಾರು 2.3 ಕೆ.ಜಿ. ಒತ್ತಿದರೂ ತಡೆಯುತ್ತಿತ್ತು. ಸುತ್ತಲೂ 9 ಮಿ.ಮೀ. ಆಗಿದ್ದರೆ ಈಗ ತಡೆಯುವುದು 0.97. ಗಾಳಿಯ ಒತ್ತಡವೇ 1.03! ಪೈಪು ಕೊಂಚ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅಷ್ಟೂ ಇಲ್ಲ. ದಪ್ಪ ಕಾಲುಭಾಗ ಸವೆದದ್ದಕ್ಕೆ ಈ ಬಲ ಅರ್ಧಕ್ಕಿಂತ ಕೆಳಗೆ ಬಂದಿದೆ. ಜಪಾನಿನ ಓಯಿಗಾವಾ ಕೇಂದ್ರದಲ್ಲಿ 1950ರಲ್ಲಿ ಕವಾಟ ತಟ್ಟನೆ ಮುಚ್ಚಿ ಪೆನ್‌ಸ್ಟಾಕ್ ಸೀಳಿತು. ಸೀಳಿನಿಂದ ನೀರು ರಭಸವಾಗಿ ಹೊರಬಿದ್ದಾಗ ಮೇಲ್ಭಾಗದ ಪೈಪು ಒಳಕ್ಕೆ ಮುದುಡಿತು.

ಹಾಗಾಗಿ ನೀರು ಬಿಡುವ ಡ್ರೈನ್ ವಾಲ್ವ್ ಮುಟ್ಟುವ ಮುಂಚೆ, ಗೇಟಿನಿಂದ ಪೈಪಿನ ಕಡೆಗಿರುವ ಏರ್ ವೆಂಟ್ (ಗಾಳಿ ಒಳಬರುವ ಕೊಳವೆ) ಹತ್ತಿ ನೋಡಿ. ಜಾಲರಿಯಲ್ಲಿ ಒಣ ಎಲೆ, ಕಣಜದ ಗೂಡು ಸಿಗುವುದು ಸಾಮಾನ್ಯ. ಏರ್ ವಾಲ್ವ್ ಇದ್ದರೆ, ಪೈಪಿನ ಒತ್ತಡದಿಂದ ಬೇರ್ಪಡಿಸಿದ ಮೇಲೆ ಅದರ ಬಿಲ್ಲೆಯನ್ನು ಬೆರಳಿನಿಂದ ಒತ್ತಿ. ಹಿಂಜಿನ ಪಿನ್ನು ತುಕ್ಕು ಹಿಡಿದಿದ್ದರೆ ಬಿಲ್ಲೆ ಅಲ್ಲಾಡುವುದಿಲ್ಲ. ಪಿನ್ನು ಬಿಚ್ಚಿ ಉಜ್ಜಿ, ಗ್ರೀಸ್ ಹಾಕಿ. ವೆಂಟಿನ ಬಾಯಿಗೆ ಬಟ್ಟೆಯ ಚಿಂದಿಯೊಂದನ್ನು ಕಟ್ಟಿ ಅಲ್ಲೊಬ್ಬರನ್ನು ವಾಕಿಟಾಕಿ ಕೊಟ್ಟು ನಿಲ್ಲಿಸಿ. ಡ್ರೈನನ್ನು ಒಂದೆರಡು ಸುತ್ತು ಮಾತ್ರ ತೆರೆಯಿರಿ. ಗಾಳಿ ಚಿಂದಿಯನ್ನು ಒಳಕ್ಕೆ ಎಳೆಯಬೇಕು. ಎಳೆಯದಿದ್ದರೆ ಕೂಡಲೇ ಡ್ರೈನ್ ನಿಲ್ಲಿಸಿ ಕಾರಣ ಹುಡುಕಿ. ಬೇಗ ಖಾಲಿಯಾಗಲೆಂದು ಟರ್ಬೈನ್ ಕಡೆಯ ದೊಡ್ಡ ವಾಲ್ವ್ ಎತ್ತಬೇಡಿ. ಒಳಗಿಳಿಯುವ ಮುಂಚೆ ಗೇಟಿಗೆ ಬೀಗ ಹಾಕಿ, ಡ್ರೈನ್ ತೆರೆದೇ ಇರಲಿ, ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇರಬಾರದು. ಮತ್ತೆ ತುಂಬುವುದು ಬೈಪಾಸ್‌ನಿಂದ (ಗೇಟನ್ನು ಬಳಸಿ ಹೋಗುವ ಸಣ್ಣ ಪೈಪು) ನಿಧಾನವಾಗಿ.

9 ಮಿ.ಮೀ. ತಳದಲ್ಲಷ್ಟೇ ಇದ್ದರೆ ಮುದುಡುವ ಅಪಾಯ ಇಷ್ಟಿಲ್ಲ. ಸುತ್ತಲೂ ಇದ್ದರೆ ರಿಂಗ್ ಬೆಸೆಯುವುದೋ ಪೈಪು ಬದಲಿಸುವುದೋ ವಿನ್ಯಾಸ ಎಂಜಿನಿಯರ್ ನಿರ್ಧರಿಸಲಿ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ತರಬೇತಿಯಲ್ಲಿ ಅಲ್ಟ್ರಾಸಾನಿಕ್ ಗೇಜಿನಿಂದ ಅಳೆದಾಗ 12 ಮಿ.ಮೀ. ಪ್ಲೇಟು 12.7 ತೋರಿಸಿತು. ಗೇಜ್ ಕೆಟ್ಟಿದೆಯೇ?
– ವಿದ್ಯಾರ್ಥಿನಿ, ಬೀದರ್

ಉತ್ತರ: ಗೇಜ್ ಸರಿಯಿರಬಹುದು, ಅದು ಬಣ್ಣವನ್ನೂ ಸೇರಿಸಿ ಅಳೆದಿದೆ. ಬಣ್ಣದೊಳಗೆ ಶಬ್ದ ಉಕ್ಕಿನಲ್ಲಿ ಹೋಗುವುದರ ಅರ್ಧ ವೇಗಕ್ಕಿಂತಲೂ ನಿಧಾನ. ಅದಕ್ಕೇ 0.3 ಮಿ.ಮೀ. ಬಣ್ಣ ಸುಮಾರು 0.7 ಮಿ.ಮೀ. ಉಕ್ಕಿನಂತೆ ತೋರುತ್ತದೆ. ಹಳೆ ಪೈಪಿನಲ್ಲಿ ಈ ತಪ್ಪು ಸವೆತವನ್ನೇ ಮುಚ್ಚಿಹಾಕುತ್ತದೆ. ಬಿಲ್ಲೆಯಗಲ ಬಣ್ಣ ಕೆರೆದು, ಹೊಳೆಯುವ ಲೋಹದ ಮೇಲೆ ಜೆಲ್ ಹಚ್ಚಿ ಅಳೆಯಿರಿ, ಆಮೇಲೆ ಅಲ್ಲಿಗೆ ಬಣ್ಣ ಬಳಿಯಿರಿ. ಒಂದು ಸುತ್ತಿಗೆ 8 ಬಿಂದು. ತಳ, ಬೆಂಡಿನ ಹೊರಮೈ, ಸ್ಯಾಡಲ್‌ನ (ಪೈಪು ಕೂರುವ ಆಸರೆ) ಎರಡೂ ಕೊನೆ, ಪೈಪು ಕಾಂಕ್ರೀಟಿನೊಳಗೆ ಹೋಗುವ ಅಂಚು ಬಿಡಬಾರದು. ಆ ಅಂಚಿನಲ್ಲಿ ಮಳೆನೀರು ನಿಂತು ಹೊರಗಿನಿಂದಲೇ ತಿನ್ನುತ್ತದೆ. ಬಿಂದುಗಳನ್ನು ಗುರುತು ಮಾಡಿಟ್ಟು ಮುಂದಿನ ಸಲವೂ ಅಲ್ಲೇ ಅಳೆದರೆ ಮಾತ್ರ ವರ್ಷಕ್ಕೆಷ್ಟು ಸವೆಯಿತೆಂದು ತಿಳಿಯುತ್ತದೆ.

ಪ್ರಶ್ನೆ: ಭೀಮಾ ನದಿಯಿಂದ ಹೊಲಕ್ಕ 1200 ಮೀಟರ್ ಹಳೆ ಕಬ್ಬಿಣದ ಪೈಪ್‌ಲೈನ್ ಅದ. ಕರೆಂಟ್ ಹೋದ ಕೂಡಲೇ ‘ಧಡ್’ ಅಂತ ಸಪ್ಪಳ ಬರ್ತದ. ಏನ್ ಮಾಡಬೇಕ್ರಿ?
– ರೈತರು, ಅಫಜಲಪುರ

ಉತ್ತರ: ಅದೂ ಅದೇ ನೀರಿನ ಹೊಡೆತ. ಸೆಕೆಂಡಿಗೆ 1.5 ಮೀಟರ್ ಓಡುವ ನೀರು ಕಬ್ಬಿಣದ ಪೈಪಿನಲ್ಲಿ ತಟ್ಟನೆ ನಿಂತರೆ ಸುಮಾರು 150 ಮೀಟರ್ ಹೆಡ್ಡಿನಷ್ಟು ಒತ್ತಡ ಏರುತ್ತದೆ. ಬಾಗಿಲಿನಂತೆ ಮುಚ್ಚುವ ನಿಮ್ಮ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್), ನೀರು ಹಿಂದಕ್ಕೆ ಓಡಲು ಶುರುವಾದ ಮೇಲೆ ಬಡಿದುಕೊಳ್ಳುತ್ತಿದೆ. ಅದರ ಬದಲು ಸ್ಪ್ರಿಂಗಿನ ಎನ್‌ಆರ್‌ವಿ ಹಾಕಿಸಿ, ನೀರು ತಿರುಗುವ ಮೊದಲೇ ಮುಚ್ಚುತ್ತದೆ. ದಾರಿಯಲ್ಲಿ ದಿಬ್ಬ ಇದ್ದರೆ ಅದರ ನೆತ್ತಿಯ ಮೇಲೊಂದು ಏರ್ ವಾಲ್ವ್ ಬೇಕೇಬೇಕು. ನೀವೇ ಮೋಟರ್ ಬಂದ್ ಮಾಡುವಾಗ ಮೊದಲು ಡೆಲಿವರಿ ವಾಲ್ವನ್ನು ಮೆಲ್ಲಗೆ ಮುಚ್ಚಿ, ಕೂಡಲೇ ಸ್ವಿಚ್ ತೆಗೆಯಿರಿ.