ಗ್ರಿಲ್ಲಿನ ಬೀಗದ ಕೈ ಯಾರ ಹತ್ತಿರ ಉಂಟು?

ಉಡುಪಿಯ ಸಂತೆಕಟ್ಟೆಯಿಂದ ಬಂದ ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ಕ್ಯಾಮೆರಾದ ಜಗಳವೇ. ಬರೆದವರಿಗೆ ಮಣಿಪಾಲದಲ್ಲಿ ಕೆಲಸ, ಗಂಡ ಮಸ್ಕತ್‌ನಲ್ಲಿ. ಎರಡೂವರೆ ವರ್ಷದ ಮಗಳನ್ನು ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರ ತನಕ ನೋಡಿಕೊಳ್ಳಲು ಊರಿನ ಅಕ್ಕ ಒಬ್ಬರು ಬರುತ್ತಾರೆ. ಕಳೆದ ತಿಂಗಳು ‘ಗ್ಯಾಸ್ ಪೈಪ್ ಚೆಕ್ ಮಾಡಲಿಕ್ಕುಂಟು’ ಎಂದು ಬಂದ ಇಬ್ಬರನ್ನು ಅಕ್ಕ ಒಳಗೆ ಬಿಟ್ಟರು. ಅವರು ಒಂದು ಪೈಪು ಮಾರಿ ಹೋದರು, ಬೇರೇನೂ ಆಗಲಿಲ್ಲ. ಮಸ್ಕತ್‌ನವರು ಕೆಂಡವಾದರು. ಮೈದುನ ಬಂದು ಹಾಲ್‌ನಲ್ಲಿ ಕ್ಯಾಮೆರಾ ಕೂರಿಸಿದ. ‘ಹಾಗಾದರೆ ನಾನು ಬರುವುದಿಲ್ಲ’ ಎಂದರು ಅಕ್ಕ. ಈಗ ಪತ್ರದ ಪ್ರಶ್ನೆ: ಕ್ಯಾಮೆರಾ ತೆಗೆದ ಹಾಗೆ ಮಾಡಿ ಗೊಂಬೆಯೊಳಗೆ ಚಿಕ್ಕದೊಂದು ಇಡಲೇ, ಇಲ್ಲ ಬೇರೆ ಜನ ಹುಡುಕಲೇ?

ಎರಡೂ ಬೇಡ. ಆದರೆ ನನ್ನ ನಿದ್ದೆ ಕೆಡಿಸಿದ್ದು ಕ್ಯಾಮೆರಾ ಅಲ್ಲ. ಕೊನೆಯ ಪುಟದಲ್ಲಿ ನೀವು ಸಮಾಧಾನಕ್ಕೆಂದು ಬರೆದ ಸಾಲು: ‘ಆವತ್ತಿನಿಂದ ಸಿಟೌಟ್‌ನ ಗ್ರಿಲ್ಲಿಗೆ ನಾನೇ ಹೊರಗಿನಿಂದ ಬೀಗ ಹಾಕಿ ಹೋಗುತ್ತೇನೆ, ಹಾಗಾಗಿ ಆ ಹೆದರಿಕೆ ಇಲ್ಲ.’ ಎರಡನೆಯ ಪುಟದಲ್ಲಿ, ಬೇರೇನೋ ಹೇಳುತ್ತಾ: ‘ಹಿಂಬಾಗಿಲು ಮಳೆಗೆ ಉಬ್ಬಿ ಕೂತಿದೆ, ದೀಪಾವಳಿ ತನಕ ತೆರೆಯುವ ಹಾಗಿಲ್ಲ.’ ಕಿಟಕಿಗಳಿಗೆ ಸರಳು ಹೇಗೂ ಉಂಟು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಒಂಬತ್ತೂವರೆ ಗಂಟೆ ಹೊತ್ತು ನಿಮ್ಮ ಮಗು ಮತ್ತು ಆ ಹೆಂಗಸು ಹೊರಬರುವ ದಾರಿಯೇ ಇಲ್ಲದ ಮನೆಯಲ್ಲಿದ್ದಾರೆ.

ಸಿಲಿಂಡರ್ ಸೋರಿದರೆ ಏನು ಮಾಡಬೇಕೆಂದು ಅಕ್ಕನಿಗೆ ಹೇಳಿಕೊಟ್ಟಿರಬಹುದು: ರೆಗ್ಯುಲೇಟರ್ ಬಂದ್ ಮಾಡು, ಸ್ವಿಚ್ ಮುಟ್ಟಬೇಡ, ಬಾಗಿಲು ತೆರೆದಿಟ್ಟು ಹೊರಗೆ ಹೋಗು, 1906ಕ್ಕೆ ಫೋನ್ ಮಾಡು. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ನೆಲದಲ್ಲೇ ಹರಡುತ್ತದೆ, ಕಿಟಕಿ ತೆರೆದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ; ಬಾಗಿಲೇ ಬೇಕು. ಮಗುವಿನ ಗಂಟಲಲ್ಲಿ ನೇರಳೆ ಬೀಜ ಸಿಕ್ಕಿಕೊಂಡರೂ ಅಷ್ಟೇ. 108ರವರು ಗೇಟಿಗೆ ಬಂದು, ಬೀಗದ ಕೈ ಮಣಿಪಾಲದಿಂದ ಬರುವ ತನಕ ಕಾಯಬೇಕೇ? ಇನ್ನೂ ಒಂದು ಮಾತು, ಕಹಿಯಾದರೂ ಹೇಳುತ್ತೇನೆ. ಒಬ್ಬರನ್ನು ಹೊರಬರದ ಹಾಗೆ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿಗೆ ಬರುವ ವಿಷಯ, ಒಂದು ವರ್ಷದ ತನಕ ಸಜೆ ಉಂಟು. ನೀವು ಹಾಗೆಂದುಕೊಂಡು ಮಾಡಿದ್ದಲ್ಲ, ಗೊತ್ತು. ಹೆದರಿಕೆಯಲ್ಲಿ ಮಾಡಿದ್ದೀರಿ.

ಈ ಅಂಕಣದಲ್ಲಿ ಹಿಂದೆಯೂ ಬರೆದದ್ದೇ: ಒಳಗಿರುವವರ ಕೈಯಲ್ಲಿ ಬೀಗದ ಕೈ ಇರಬೇಕು. ನಾಳೆ ಹೊರಡುವಾಗ ಅಕ್ಕನ ಕೈಗೆ ಕೊಟ್ಟು ಹೊರಡಿ. ಉಳಿದದ್ದು ನಿಧಾನವಾಗಿ ಆಗಲಿ, ಇದು ನಾಳೆಯೇ ಆಗಬೇಕು.

ಹಾಗಾದರೆ ಹೊರಗಿನವರ ಭಯ? ಗ್ರಿಲ್ಲಿಗೆ ಹಗಲಿಗೆ ಬೀಗವೇ ಬೇಡ, ಒಳಗಿನಿಂದ ಚಿಲಕ ಸಾಕು. ತೊಂದರೆ ಏನೆಂದರೆ ಸರಳುಗಳ ನಡುವೆ ನಾಲ್ಕು ಇಂಚು ಸಂದು ಇದ್ದರೆ ಹೊರಗಿನವನ ಕೈ ಸಲೀಸಾಗಿ ಒಳಗೆ ಬರುತ್ತದೆ. ವೆಲ್ಡಿಂಗ್‌ನವರನ್ನು ಕರೆಸಿ, ಚಿಲಕ ನಡುವಿಗೆ ಬರುವ ಹಾಗೆ ಸರಳಿಗೆ ದೊಡ್ಡದೊಂದು ತಗಡು ಹೊಡೆಸಿ. ಆಮೇಲೆ ನೀವೇ ಹೊರಗೆ ನಿಂತು ಕೈ ಹಾಕಿ ನೋಡಿ. ಬೆರಳು ಚಿಲಕಕ್ಕೆ ತಾಗಿದರೆ ತಗಡು ಚಿಕ್ಕದಾಯಿತು. ಚಿಲಕ ನೆಲದಿಂದ ಐದಡಿ ಎತ್ತರದಲ್ಲಿರಲಿ, ಮಗುವಿಗೆ ಸಿಗಬಾರದು. ಬೆಸುಗೆಯ ಜಾಗಕ್ಕೆ ರೆಡ್ ಆಕ್ಸೈಡ್ ಹಚ್ಚದಿದ್ದರೆ ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು. ರಾತ್ರಿಗೆ ಹಾಕುವ ಬೀಗ ಹಿತ್ತಾಳೆಯದ್ದಿರಲಿ. ಅದಕ್ಕೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಎಣ್ಣೆಗೆ ಧೂಳು ಅಂಟಿ ಒಳಗೆ ಮೇಣದ ಹಾಗೆ ಕೂರುತ್ತದೆ. ಪೆನ್ಸಿಲಿನ ಸೀಸ ಕೆರೆದ ಪುಡಿ ಸಾಕು.

ಹಿಂಬಾಗಿಲಿಗೆ ದೀಪಾವಳಿ ತನಕ ಕಾಯುವುದು ಬೇಡ. ದಾರಂದದ ಒಳಬದಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಎಳೆದು ನೋಡಿ, ಬಾಗಿಲಿನ ಅಂಚಿನಲ್ಲಿ ಎಲ್ಲಿ ಬಿಳಿ ಅಂಟುತ್ತದೋ ಅಲ್ಲಿ ಮಾತ್ರ ಆಚಾರಿ ಕೀಸುಳಿ ಹಾಕಲಿ. ಎರಡು ಮಿಲಿಮೀಟರಿಗಿಂತ ಜಾಸ್ತಿ ತೆಗೆದರೆ ಮಾರ್ಚ್‌ನಲ್ಲಿ ಮರ ಒಣಗಿ ಸಂದಿನಿಂದ ಹಲ್ಲಿ ಬರುತ್ತದೆ. ಕೆಳಗಿನ, ಮೇಲಿನ ಅಂಚಿಗೆ ಪೈಂಟ್ ಮಾಡಿರುವುದೇ ಇಲ್ಲ ಹೆಚ್ಚಿನ ಮನೆಗಳಲ್ಲಿ. ಮರ ನೀರು ಕುಡಿಯುವುದೇ ಅಲ್ಲಿಂದ. ಹಿಂದೆ ಬಾವಿ ಇದ್ದರೆ ಈ ಬಾಗಿಲಿಗೂ ಚಿಲಕ ಮೇಲೆಯೇ ಇರಲಿ, ಬಾವಿಗೆ ಬಲೆಯಲ್ಲ, ಕಬ್ಬಿಣದ ಜಾಲರಿ ಹಾಕಿಸಿ.

ಮುಂಬಾಗಿಲಿಗೆ ನೈಟ್ ಲ್ಯಾಚ್, ಅಂದರೆ ಬಾಗಿಲು ಮುಚ್ಚಿದ ಕೂಡಲೇ ತಾನಾಗಿಯೇ ಬೀಳುವ ಬೀಗ, ಉಂಟೆಂದು ಬರೆದಿದ್ದೀರಿ. ಮಳೆ ಹನಿಯಿತು, ಅಕ್ಕ ಒಣಗಲು ಹಾಕಿದ ಬಟ್ಟೆ ತರಲು ಓಡಿದರು, ಗಾಳಿಗೆ ಬಾಗಿಲು ಧಡಕ್ಕನೆ ಬಿತ್ತು, ಮಗು ಒಳಗೆ. ಕರಾವಳಿಯಲ್ಲಿ ಕಳ್ಳರಿಗಿಂತ ಹೆಚ್ಚು ಆಗುವುದು ಇದು. ಲ್ಯಾಚಿನ ಒಳಬದಿಯಲ್ಲಿ ನಾಲಗೆಯನ್ನು ಹಿಂದಕ್ಕೆ ಹಿಡಿದಿಡುವ ಸಣ್ಣ ಗುಂಡಿ ಇರುತ್ತದೆ, ಹಗಲಿಡೀ ಅದನ್ನು ಹಾಕಿಟ್ಟಿರಲಿ. ಒಂದು ಹೆಚ್ಚುವರಿ ಕೈ ಪಕ್ಕದ ಮನೆಯಲ್ಲಿರಲಿ. ತುಳಸಿಕಟ್ಟೆಯ ದೀಪದ ಗೂಡಿನಲ್ಲಿ ಬೇಡ ಮಾರಾಯ್ರೆ, ಅದು ಇಡೀ ಊರಿಗೆ ಗೊತ್ತಿರುವ ಜಾಗ. ಬಚ್ಚಲುಮನೆಯ ಒಳಚಿಲಕವನ್ನೂ ಮಗುವಿನ ಕೈಗೆ ಸಿಗದಷ್ಟು ಮೇಲೆ ಹಾಕಿಸಿ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು, ಒಂದೇ ಕೈಯಲ್ಲಿ ಅಕ್ಕ ಎರಡೂ ಬಾಗಿಲಿನಿಂದ ಹೊರಗೆ ಬರಲಿ. ಅರ್ಧ ನಿಮಿಷ ದಾಟಿದರೆ ಚಿಲಕ ಸರಿಯಿಲ್ಲ, ಅಕ್ಕ ಅಲ್ಲ.

ಬರುವವರ ವಿಷಯ ಸುಲಭ. ನೀವಿಲ್ಲದಾಗ ಯಾವ ಕೆಲಸದವರೂ ಒಳಗೆ ಬರುವ ಅಗತ್ಯವೇ ಇಲ್ಲ. ಮೆಸ್ಕಾಂನ ಮೀಟರು ಗೋಡೆಯ ಹೊರಗುಂಟು. ಸಿಲಿಂಡರ್ ಶನಿವಾರ ನೀವಿರುವಾಗ ಬರುವ ಹಾಗೆ ಬುಕ್ ಮಾಡಿ. ಡೆಲಿವರಿಯ ಕೋಡು ಹೋಗುವುದು ಕನೆಕ್ಷನ್‌ಗೆ ಕೊಟ್ಟ ನಂಬರಿಗೆ, ಅದು ನಿಮ್ಮ ಗಂಡನದ್ದಾಗಿದ್ದರೆ ಬದಲಿಸಿಕೊಳ್ಳಿ. ‘ಮನೆಯಲ್ಲಿ ಯಾರೂ ಇಲ್ಲ’ ಎನ್ನುವ ಬದಲು ‘ಅಮ್ಮ ಸ್ನಾನಕ್ಕೆ ಹೋಗಿದ್ದಾರೆ, ಸಂಜೆ ಬನ್ನಿ’ ಎನ್ನಲಿ, ಗ್ರಿಲ್ಲಿನ ಒಳಗಿನಿಂದಲೇ. ಒಳಗೆ ಬರಬಹುದಾದ ನಾಲ್ಕೈದು ಜನರ ಹೆಸರು ಮತ್ತು 112 ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿ. ಅಕ್ಕ ಆವತ್ತು ಬಾಗಿಲು ತೆರೆದದ್ದಕ್ಕೆ ಅವರನ್ನು ಬೈಯುವವರು, ತೆರೆಯಬಾರದು ಎಂದು ಮೊದಲೇ ಹೇಳಿದ್ದರೇ?

ಇನ್ನು ಕ್ಯಾಮೆರಾ. ದೂರದಲ್ಲಿ ಕೂತ ಗಂಡನ ಆತಂಕ ಅರ್ಥವಾಗುತ್ತದೆ (ಮಧ್ಯಾಹ್ನ ಮೂರಕ್ಕೆ ಸ್ಪೀಕರಿನಲ್ಲಿ ಮಾತಾಡಿ ಮಲಗಿದ ಮಗುವನ್ನು ಎಬ್ಬಿಸುವುದು ಮಾತ್ರ ನಿಲ್ಲಲಿ). ನನ್ನ ಸಿಟ್ಟು ಮೈದುನನ ಮೇಲೆ. ಕ್ಯಾಮೆರಾವನ್ನು ತನ್ನ ಮೊಬೈಲಿನಲ್ಲಿ, ತನ್ನ ಹೆಸರಿನಲ್ಲಿ ನೋಂದಾಯಿಸಿ ನಿಮಗೆ ‘ಶೇರ್’ ಮಾಡಿದ್ದಾನಂತೆ. ಎಂದರೆ ನಿಮ್ಮ ಮನೆಯ ಹಾಲ್ ಅವನಿಗೆ ಯಾವಾಗ ಬೇಕಾದರೂ ಕಾಣುತ್ತದೆ, ರಾತ್ರಿ ನೀವೊಬ್ಬರೇ ಇರುವಾಗಲೂ. ಮೊದಲು ಅವನ ಮೊಬೈಲಿನಿಂದ ಕ್ಯಾಮೆರಾವನ್ನು ತೆಗೆಸಿ, ಹೆಚ್ಚಿನವು ಹಳೆಯ ಖಾತೆ ಬಿಡದೆ ಹೊಸದಕ್ಕೆ ಸೇರುವುದಿಲ್ಲ. ಆಮೇಲೆ ರೀಸೆಟ್ ಗುಂಡಿ ಒತ್ತಿಹಿಡಿದು ನಿಮ್ಮ ನಂಬರಿನಲ್ಲಿ ಹೊಸದಾಗಿ ಸೇರಿಸಿ, ವೈಫೈ ಪಾಸ್‌ವರ್ಡನ್ನೂ ಬದಲಿಸಿ. ಅದನ್ನು ಸಿಟೌಟ್‌ನಲ್ಲಿ ಗೇಟಿನ ಕಡೆ ಮುಖ ಮಾಡಿ, ಎರಚಲು ತಾಗದ ಜಾಗದಲ್ಲಿ ಕೂರಿಸಿ. ಕರೆಂಟ್ ಹೋದಾಗ ರೌಟರ್ ಸತ್ತರೆ ಕ್ಯಾಮೆರಾ ಇದ್ದೂ ಇಲ್ಲದ ಹಾಗೆ, ರೌಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ.

ಗೊಂಬೆಯೊಳಗಿನ ಕ್ಯಾಮೆರಾದ ಯೋಚನೆ ಇವತ್ತೇ ಬಿಡಿ. ಅಕ್ಕ ಯಾಕೆ ಬೇಡವೆಂದರು ಎಂದು ನೀವು ಕೇಳಿದ ಹಾಗೆ ಕಾಣುವುದಿಲ್ಲ. ಬಂದ ಕೂಡಲೇ ಸೀರೆ ಬಿಚ್ಚಿ ನೈಟಿ ಹಾಕಿಕೊಳ್ಳುತ್ತಾರೆ ಎಂದು ಬರೆದವರು ನೀವೇ. ಹಾಲ್‌ಗೆ ತಾಗಿದ ಆ ಕೋಣೆಗೆ ಬಾಗಿಲಿಲ್ಲ, ಪರದೆ ಮಾತ್ರ ಎಂದು ಬರೆದವರೂ ನೀವೇ. ಬಾಗಿಲಿರುವ ಕೋಣೆಯೊಂದನ್ನು ಅವರಿಗೆ ಬಿಟ್ಟುಕೊಡಿ.