ಎನ್‌ಎಡಿ ಡ್ರಿಪ್ ಹಾಕಿಸಿಕೊಂಡರೆ ಸುಸ್ತು ಹೋಗುತ್ತದೆಯೇ?

ಪ್ರಶ್ನೆ: ನನಗೆ 47 ವರ್ಷ, ಐಟಿ ಕೆಲಸ. ವರ್ಷದಿಂದ ವಿಪರೀತ ಸುಸ್ತು. ವಾರಕ್ಕೊಮ್ಮೆಯಂತೆ ಆರು ಸಲ 500 ಮಿ.ಗ್ರಾಂ ಎನ್‌ಎಡಿ ಡ್ರಿಪ್ ಹಾಕಿಸಿಕೊಂಡರೆ ಶಕ್ತಿ ಬರುತ್ತದೆ, ಮುಪ್ಪೂ ತಡವಾಗುತ್ತದೆ ಎಂದು ಕ್ಲಿನಿಕ್ ಒಂದರಲ್ಲಿ ಹೇಳುತ್ತಿದ್ದಾರೆ. ಬಿಪಿ ಮಾತ್ರೆ ನುಂಗುತ್ತಿದ್ದೇನೆ. ಹಾಕಿಸಿಕೊಳ್ಳಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಈಗ ಬೇಡ. ಮೊದಲು ಸುಸ್ತು ಎಲ್ಲಿಂದ ಬಂತು ಎಂದು ಪತ್ತೆಯಾಗಲಿ.

ನಾವು ತಿಂದ ಅನ್ನ, ಎಣ್ಣೆಗಳಿಂದ ಜೀವಕೋಶ ಶಕ್ತಿ ತೆಗೆಯುವಾಗ ಎಲೆಕ್ಟ್ರಾನ್‌ಗಳನ್ನು ಹೊತ್ತು ಸಾಗಿಸುವ ಸಹಕಿಣ್ವವೇ (ಕಿಣ್ವಗಳಿಗೆ ನೆರವಾಗುವ ಅಣು) ಎನ್‌ಎಡಿ. ಅದನ್ನು ದೇಹವೇ ಬಿ3 ಜೀವಸತ್ವದಿಂದ ತಯಾರಿಸಿಕೊಳ್ಳುತ್ತದೆ. ವಯಸ್ಸಾದಂತೆ ಹಲವು ಅಂಗಾಂಶಗಳಲ್ಲಿ ಅದರ ಮಟ್ಟ ಇಳಿಯುವುದೂ ನಿಜ. ಆದರೆ ಇಳಿದದ್ದನ್ನು ರಕ್ತನಾಳದ ಮೂಲಕ ತುಂಬಿಬಿಡಬಹುದು ಎಂಬ ಮಾತು ಅಷ್ಟು ಸರಳವಲ್ಲ. ಈ ಅಣು ದೊಡ್ಡದು, ವಿದ್ಯುದಾವೇಶ ಹೊತ್ತದ್ದು. ಕೋಶದ ಪೊರೆಯನ್ನು ಸುಲಭವಾಗಿ ದಾಟುವುದಿಲ್ಲ. ಅದರ ಬಹುಪಾಲನ್ನು ಕೋಶಗಳ ಹೊರಮೈಯ ಕಿಣ್ವಗಳು ತುಂಡರಿಸಿ ನಿಕೋಟಿನಮೈಡ್‌ನಂಥ ಚೂರುಗಳನ್ನಾಗಿ ಮಾಡುತ್ತವೆ. ನಿಕೋಟಿನಮೈಡ್ ಎಂದರೆ ಬಿ3ಯೇ. ಮಾತ್ರೆಯಲ್ಲೂ ಊಟದಲ್ಲೂ ಸಿಗುವಂಥದ್ದು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 750 ಮಿ.ಗ್ರಾಂ ಎನ್‌ಎಡಿಯನ್ನು ಆರು ಗಂಟೆ ಕಾಲ ಡ್ರಿಪ್‌ನಲ್ಲಿ ಕೊಟ್ಟರು. ಮೊದಲ ಎರಡು ಗಂಟೆ ರಕ್ತದಲ್ಲಿ ಅದರ ಮಟ್ಟ ಏರಲೇ ಇಲ್ಲ. ಅಲ್ಲಿ ಇದ್ದವರು 11 ಜನ ಗಂಡಸರು, ಅಳೆದದ್ದು ರಕ್ತ, ಮೂತ್ರಗಳ ಮಟ್ಟವನ್ನು. ಸುಸ್ತು ಹೋಯಿತೇ, ಆಯಸ್ಸು ಹೆಚ್ಚಿತೇ ಎಂದು ಅದರಿಂದ ಹೇಳಲು ಬರುವುದಿಲ್ಲ.

ಇನ್ನು ನಿಮ್ಮ ಸುಸ್ತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನೀವು ಹೆಣ್ಣಾಗಿದ್ದರೆ, ಮುಟ್ಟು ನಿಲ್ಲುವ ಮುಂಚಿನ ಈ ವರ್ಷಗಳಲ್ಲಿ ರಕ್ತಸ್ರಾವ ಹೆಚ್ಚಾಗಿ ಕಬ್ಬಿಣಾಂಶ ಬರಿದಾಗುವುದು ತೀರಾ ಸಾಮಾನ್ಯ. ಹಿಮೋಗ್ಲೋಬಿನ್ 12 ಇದ್ದರೂ, ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ದಣಿವು ಕಾಡಬಹುದು. ಹಾಗಾಗಿ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12, ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಸಕ್ಕರೆ), ಕ್ರಿಯಾಟಿನಿನ್ (ಮೂತ್ರಪಿಂಡ) ಪರೀಕ್ಷೆ ಮಾಡಿಸಿ. ಬಯೋಟಿನ್ ಇರುವ ಕೂದಲಿನ ಮಾತ್ರೆ ನುಂಗುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಥೈರಾಯ್ಡ್ ವರದಿ ತಪ್ಪಬಹುದು. ಬಿಪಿಗೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಇದ್ದರೆ ಅದೂ ದಣಿವು ತರಬಹುದು; ಬರೆದುಕೊಟ್ಟ ವೈದ್ಯರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಜೋರಾಗಿ ಗೊರಕೆ ಹೊಡೆದು ಬೆಳಗ್ಗೆ ತಲೆ ಭಾರವಾಗಿ ಏಳುತ್ತೀರಾದರೆ ನಿದ್ರೆಯ ಪರೀಕ್ಷೆಯೂ ಬೇಕು.

ಇಷ್ಟೆಲ್ಲ ಆದ ಮೇಲೂ ಹಾಕಿಸಿಕೊಳ್ಳುವ ಮನಸ್ಸಿದ್ದರೆ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಎನ್‌ಎಡಿ ಬಿಸಿಗೆ ಕೆಡುತ್ತದೆ, ಆದ್ದರಿಂದ ಅದನ್ನು ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿಟ್ಟು ಶುದ್ಧಮಾಡಲು ಬರುವುದಿಲ್ಲ, 0.22 ಮೈಕ್ರಾನ್ ಸೋಸಕದಲ್ಲಿ ಸೋಸಿ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆ ಮಾಡಿರಬೇಕು. ಸಪ್ಲಿಮೆಂಟ್‌ಗೆಂದು ಮಾರುವ ಪುಡಿಯನ್ನು ಕರಗಿಸಿ ರಕ್ತನಾಳಕ್ಕೆ ಬಿಟ್ಟರೆ ಚಳಿ ನಡುಕ, ಜ್ವರ, ಬಿಪಿ ಕುಸಿತ ಬರಬಹುದು. ವಯಲ್ (ಮದ್ದಿನ ಪುಟ್ಟ ಸೀಸೆ) ಮೇಲೆ ಬ್ಯಾಚ್ ಸಂಖ್ಯೆ, ಅವಧಿ, ಇಂಜೆಕ್ಷನ್‌ಗೆಂಬ ನಮೂದು ಇವೆಯೇ ನೋಡಿ. ಒಂದೇ ವಯಲ್‌ನಿಂದ ನಾಲ್ಕು ಜನರಿಗೆ ತೆಗೆಯುವುದು ಕಂಡರೆ ಎದ್ದು ಬನ್ನಿ.

ವೇಗವೇ ದೊಡ್ಡ ತೊಂದರೆ. ಬೇಗ ಹರಿಸಿದರೆ ಎದೆ ಬಿಗಿತ, ವಾಕರಿಕೆ, ಹೊಟ್ಟೆ ನುಲಿತ, ಮುಖ ಕೆಂಪೇರುವುದು ಆಗುತ್ತದೆ. 500 ಮಿ.ಲೀ. ಬಾಟಲಿ ನಾಲ್ಕು ಗಂಟೆ ಹೋಗಬೇಕಾದರೆ, ಮಿ.ಲೀ.ಗೆ 20 ಹನಿ ಬೀಳುವ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ ಎಂದಾಯಿತು. ಒಂದೇ ಗಂಟೆಯಲ್ಲಿ ಮುಗಿಸಿ ಕಳಿಸುತ್ತೇವೆ ಎಂದರೆ ಒಪ್ಪಬೇಡಿ. ತೊಂದರೆ ಶುರುವಾದರೆ ಡ್ರಿಪ್ ನಿಲ್ಲಿಸಿಸಿ. ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಇಳಿಯದಿದ್ದರೆ ಇಸಿಜಿ ಆಗಲೇಬೇಕು. ಎದೆನೋವನ್ನು ಮದ್ದಿನ ತಲೆಗೆ ಕಟ್ಟಿ ಸುಮ್ಮನಿರಬಾರದು. ಬಿಪಿ ಇರುವ ನಿಮಗೆ ಇನ್ನೊಂದು ಲೆಕ್ಕ: 500 ಮಿ.ಲೀ. ನಾರ್ಮಲ್ ಸಲೈನ್‌ನಲ್ಲಿ 4.5 ಗ್ರಾಂ ಉಪ್ಪಿದೆ, ದಿನಕ್ಕೆ ಮೀರಬಾರದ 5 ಗ್ರಾಂಗೆ ಬಹಳ ಹತ್ತಿರ. ಕ್ಯಾನ್ಸರ್ ಇರುವವರು, ಗರ್ಭಿಣಿಯರು, ಹಾಲೂಡಿಸುವವರು, ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರು ಇದರ ತಂಟೆಗೇ ಹೋಗಬಾರದು. ಕ್ಯಾನ್ಸರ್ ಕೋಶಗಳಿಗೂ ಎನ್‌ಎಡಿ ಬೇಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ. ಜೋಳ ತಿಂದರೆ ಬಿ3 ಕೊರತೆ ಎನ್ನುತ್ತಾರಲ್ಲ, ನಮಗೆ ಡ್ರಿಪ್ ಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಡ. ಜೋಳವೇ ಮುಖ್ಯ ಆಹಾರವಾಗಿದ್ದ ದಖ್ಖನ್ ಪ್ರದೇಶದ ಬಡವರಲ್ಲಿ ಪೆಲ್ಲಾಗ್ರಾ (ಬಿ3 ಕೊರತೆಯ ಕಾಯಿಲೆ) ಕಾಣುವುದನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲೇ ಬರೆದಿದ್ದಾರೆ. ಆದರೆ ಅದು ಬರಿ ರೊಟ್ಟಿಯಲ್ಲೇ ಹೊಟ್ಟೆ ತುಂಬಿಸಿಕೊಂಡವರ ಕಾಯಿಲೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಬೇಳೆ, ಮೊಸರು ಇದ್ದರೆ ಸಾಕು; 100 ಗ್ರಾಂ ಶೇಂಗಾದಲ್ಲೇ ಸುಮಾರು 12 ಮಿ.ಗ್ರಾಂ ಬಿ3 ಇದೆ. ಬಿಸಿಲು ಬೀಳುವ ಕೈ, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುವುದು, ಜೊತೆಗೆ ಭೇದಿ, ಮರೆವು ಕಂಡರೆ ವೈದ್ಯರಿಗೆ ತೋರಿಸಿ. ವಿಪರೀತ ಕುಡಿಯುವವರಲ್ಲಿ, ಟಿಬಿಗೆ ಐಸೋನಿಯಾಜಿಡ್ ನುಂಗುವವರಲ್ಲಿ ಇದು ಈಗಲೂ ಬರುತ್ತದೆ. ಅದಕ್ಕೂ ಸಾಮಾನ್ಯವಾಗಿ ಡ್ರಿಪ್ ಅಲ್ಲ, ವೈದ್ಯರು ಕೊಡುವ ನಿಕೋಟಿನಮೈಡ್ ಮಾತ್ರೆಯೇ ಮದ್ದು.